ಶನಿಯ ಸುತ್ತ ಉಲ್ಟಾ ಓಡೋ ಫೀಬಿ

ಪ್ರಶ್ನೆ: ಶನಿಗೆ ಫೀಬಿ ಅಂತ ಒಂದು ಪುಟ್ಟ ಚಂದ್ರ ಇದೆಯಂತೆ, ದೊಡ್ಡ ಚಂದ್ರಗಳೆಲ್ಲ ಹೋಗೋ ದಿಕ್ಕಿಗೆ ಅದು ಉಲ್ಟಾ ಸುತ್ತುತ್ತಂತೆ. ಹಾಗಾದ್ರೆ ಯಾವತ್ತಾದ್ರೂ ಅವುಗಳಿಗೆ ಎದುರಾಗಿ ಬಂದು ಡಿಕ್ಕಿ ಹೊಡೆಯಲ್ವಾ?

ಉತ್ತರ: ದೊಡ್ಡ ಚಂದ್ರಗಳಿಗೆ ಹೊಡೆಯಲ್ಲ, ಯಾಕಂದ್ರೆ ಫೀಬಿ ಅವುಗಳ ಹತ್ರಾನೇ ಸುಳಿಯಲ್ಲ. ಭೂಮಿಗೂ ನಮ್ಮ ಚಂದ್ರನಿಗೂ ನಡುವೆ 3.84 ಲಕ್ಷ ಕಿ.ಮೀ. ಇದ್ರೆ ಶನಿಗೂ ಫೀಬಿಗೂ ನಡುವೆ ಹತ್ತಿರ ಹತ್ತಿರ 1.3 ಕೋಟಿ ಕಿ.ಮೀ.! ದೊಡ್ಡ ಚಂದ್ರಗಳ ಪೈಕಿ ಎಲ್ಲಕ್ಕಿಂತ ಆಚೆಗಿರೋ ಇಯಾಪಿಟಸ್ ಕೂಡ 36 ಲಕ್ಷ ಕಿ.ಮೀ. ದೂರದಲ್ಲೇ ನಿಂತುಬಿಡುತ್ತೆ. ಫೀಬಿ ಒಂದು ಸುತ್ತು ಮುಗಿಸೋಕೆ ಸುಮಾರು 550 ದಿನ ತಗೊಳ್ಳುತ್ತೆ, ಅದರ ಅಡ್ಡಳತೆ ನೋಡಿದ್ರೆ ಬರೀ 213 ಕಿ.ಮೀ.

ಉಲ್ಟಾ ಯಾಕೆ ಅಂದ್ರೆ ಅದು ಶನಿಯ ಮನೆಮಗಳಲ್ಲ. ಶನಿ ಹುಟ್ಟುವಾಗ ಸುತ್ತ ತಿರುಗ್ತಿದ್ದ ಅನಿಲ, ಧೂಳಿನಿಂದ ಆದ ಚಂದ್ರಗಳು ಅದೇ ದಿಕ್ಕಲ್ಲಿ ಸುತ್ತುತ್ತವೆ, ಫೀಬಿ ಮಾತ್ರ ಎಲ್ಲೋ ಹೊರಗಿಂದ ಬಂದು ಶನಿಯ ಸೆಳೆತಕ್ಕೆ ಸಿಕ್ಕಿಕೊಂಡಿದ್ದು ಅನ್ನೋದೇ ವಿಜ್ಞಾನಿಗಳ ಲೆಕ್ಕಾಚಾರ. 2004ರ ಜೂನ್ 11ಕ್ಕೆ ಕ್ಯಾಸಿನಿ ನೌಕೆ ಸುಮಾರು 2,000 ಕಿ.ಮೀ. ಹತ್ತಿರ ಹೋಗಿ ಫೋಟೋ ತೆಗೀತು, ಮೈತುಂಬಾ ಗುಂಡಿ, ಮೇಲೆ ಮಸಿ ಬಳಿದಂಗೆ ಕಪ್ಪು, ಆದ್ರೆ ಗುಂಡಿಗಳ ಗೋಡೆ ಕುಸಿದ ಕಡೆ ಒಳಗಿನ ಐಸ್ ಬೆಳ್ಳಗೆ ಇಣುಕ್ತಿತ್ತು.

ಇನ್ನು ಡಿಕ್ಕಿ ಹೊಡೆಯದಿದ್ರೇನು, ಪಕ್ಕದವರ ಮೇಲೆ ಕೊಳೆ ಎರಚೋದನ್ನ ಫೀಬಿ ಬಿಟ್ಟಿಲ್ಲ. ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ ಇದೇ. 1671ರಲ್ಲಿ ಇಯಾಪಿಟಸ್ ಕಂಡುಹಿಡಿದ ಜಿಯೊವಾನಿ ಕ್ಯಾಸಿನಿಗೆ (ನೌಕೆಗೆ ಇವರದೇ ಹೆಸರು) ಅದು ಶನಿಯ ಒಂದು ಪಕ್ಕದಲ್ಲಿದ್ದಾಗ ಕಾಣೋದು, ಇನ್ನೊಂದು ಪಕ್ಕಕ್ಕೆ ಹೋದ್ರೆ ಮಂಗಮಾಯ! ಅದರ ಅರ್ಧ ಮೈ ಬಿಳಿ ಅರ್ಧ ಕಪ್ಪು ಇರಬೇಕು ಅಂತ ಅವರು ಆಗಲೇ ಸರಿಯಾಗಿ ಊಹಿಸಿದ್ರು, ಕಪ್ಪು ಎಲ್ಲಿಂದ ಬಂತು ಅನ್ನೋದು ಮಾತ್ರ ಒಗಟಾಗೇ ಉಳೀತು. 2009ರಲ್ಲಿ ಸ್ಪಿಟ್ಜರ್ ದೂರದರ್ಶಕ ಇನ್‌ಫ್ರಾರೆಡ್‌ನಲ್ಲಿ ನೋಡಿದಾಗ ಫೀಬಿ ಓಡಾಡೋ ದಾರೀಲಿ ಒಂದು ಭಾರೀ ಧೂಳಿನ ಬಳೆ ಸಿಕ್ತು, ಉಲ್ಕೆಗಳು ಬಡಿದು ಫೀಬಿಯಿಂದ ಎದ್ದ ಧೂಳು ಅದು, ನಿಧಾನಕ್ಕೆ ಒಳಗೆ ಜಾರ್ತಾ ಬರುತ್ತೆ, ಅದೂ ಉಲ್ಟಾ ದಿಕ್ಕಲ್ಲೇ. ಇಯಾಪಿಟಸ್ ಯಾವಾಗಲೂ ಒಂದೇ ಮುಖ ಮುಂದೆ ಮಾಡ್ಕೊಂಡು ಓಡೋದ್ರಿಂದ, ಬೈಕಲ್ಲಿ ಹೋಗುವಾಗ ಹುಳ ಮುಖಕ್ಕೇ ಬಡಿಯುತ್ತಲ್ಲ, ಹಂಗೆ ಧೂಳೆಲ್ಲ ಮುಂಭಾಗಕ್ಕೇ ಮೆತ್ಕೊಳ್ಳುತ್ತೆ. ಕಪ್ಪಾದ ಜಾಗ ಬಿಸಿಲನ್ನ ಜಾಸ್ತಿ ಹೀರಿ, ಅಲ್ಲಿದ್ದ ಐಸ್ ಆವಿಯಾಗಿ ತಣ್ಣಗಿರೋ ಕಡೆ ಹೋಗಿ ಕೂರೋದ್ರಿಂದ ಕಪ್ಪು ಇನ್ನೂ ಕಪ್ಪು, ಬಿಳಿ ಇನ್ನೂ ಬಿಳಿ.

ಪ್ರಶ್ನೆ: ಫೀಬಿ ಮೇಲೆ ನಿಂತು ಜಂಪ್ ಮಾಡಿದ್ರೆ ವಾಪಸ್ ಬರ್ತೀವಾ?

ಉತ್ತರ: ಬರ್ತೀರ, ಸ್ವಲ್ಪ ಕಾಯ್ಬೇಕು ಅಷ್ಟೇ. ಅಲ್ಲಿಂದ ತಪ್ಪಿಸಿಕೊಳ್ಳೋಕೆ ಸೆಕೆಂಡಿಗೆ ಸುಮಾರು 100 ಮೀಟರ್ ವೇಗ ಬೇಕು, ಯಾರ ಕಾಲಿಗೂ ಅಷ್ಟು ಕಸುವಿಲ್ಲ. ಆದ್ರೆ ಗುರುತ್ವ ಭೂಮಿಯ ಇನ್ನೂರರಲ್ಲಿ ಒಂದು ಪಾಲು ಇರೋದ್ರಿಂದ, ಇಲ್ಲಿ ಅರ್ಧ ಮೀಟರ್ ಹಾರೋರು ಅಲ್ಲಿ 100 ಮೀಟರ್ ಎತ್ತರ ಹೋಗಿ, ಮತ್ತೆ ನೆಲಕ್ಕೆ ಕಾಲೂರೋಷ್ಟರಲ್ಲಿ ಎರಡು ನಿಮಿಷ ಆಗಿರುತ್ತೆ (ಸ್ಪೇಸ್‌ಸೂಟ್ ಭಾರ ಲೆಕ್ಕಕ್ಕೆ ಹಿಡಿದಿಲ್ಲ, ಜಗಳಕ್ಕೆ ಬರಬೇಡಿ).