ಕಾಲು ವಾಸಿಯಾದರೂ ನಾಲ್ಕು ಪಂದ್ಯ ಯಾಕೆ ಹೊರಗೆ?

ಡಲ್ಲಾಸ್‌ನಲ್ಲಿರುವ ಮಗನ ಮನೆಯಿಂದ ಬರೆದಿದ್ದೀರಿ. ಭಾನುವಾರ ಎಲ್ಲರೂ ಕೂತು ಅಮೆರಿಕನ್ ಫುಟ್‌ಬಾಲ್ ನೋಡುತ್ತೀರಂತೆ. ಸಂತೋಷ. ನಿಮ್ಮ ಪ್ರಶ್ನೆ: ಆಟಗಾರನ ಕಾಲು ಎರಡೇ ವಾರದಲ್ಲಿ ಸರಿಹೋದರೂ ‘ಐಆರ್‌ನಲ್ಲಿದ್ದಾನೆ’ ಅಂತ ನಾಲ್ಕು ಪಂದ್ಯ ಹೊರಗಿಡುವುದು ಯಾವ ನ್ಯಾಯ? ಅಷ್ಟು ದಿನ ಸಂಬಳ ಬರುತ್ತದಾ? ಜೊತೆಗೆ, ಪಿಯುಪಿ ಅಂದರೇನು?

ಮೊದಲು ಒಂದು ಮಾತು. ಈ ನಾಲ್ಕು ಪಂದ್ಯ ಡಾಕ್ಟರ ಲೆಕ್ಕ ಅಲ್ಲ, ಜಾಗದ ಲೆಕ್ಕ. ಎನ್‌ಎಫ್‌ಎಲ್‌ನಲ್ಲಿ, ಅಂದರೆ ನೀವು ನೋಡುವ ಆ ಅಮೆರಿಕನ್ ಫುಟ್‌ಬಾಲ್ ಲೀಗ್‌ನಲ್ಲಿ, ಒಂದು ತಂಡಕ್ಕೆ 53 ಆಟಗಾರರ ಜಾಗ. ಗಾಯಾಳುವನ್ನು ಇಂಜರ್ಡ್ ರಿಸರ್ವ್ ಪಟ್ಟಿಗೆ, ಅಂದರೆ ಐಆರ್‌ಗೆ ಹಾಕಿದರೆ ಅವನ ಜಾಗ ಖಾಲಿಯಾಗುತ್ತದೆ, ಇನ್ನೊಬ್ಬನನ್ನು ತಗೋಬಹುದು. ಇದಕ್ಕೆ ಬೆಲೆಯೇ ಇಲ್ಲದಿದ್ದರೆ ತಂಡಗಳು ಬಿಡುತ್ತವಾ? ಗಟ್ಟಿಮುಟ್ಟಾಗಿರುವ ಹುಡುಗನಿಗೂ ಮಂಡಿ ನೋವು ಅಂಟಿಸಿ, ಬೇರೆ ತಂಡದವರ ಕಣ್ಣಿಗೆ ಬೀಳದ ಹಾಗೆ ಅಲ್ಲೇ ಬಚ್ಚಿಟ್ಟುಕೊಳ್ಳುತ್ತವೆ. ಅದಕ್ಕೇ ಈ ತಡೆ. ಎರಡು ವಾರದ ಗಾಯವಾದರೆ ಅವನನ್ನು 53ರಲ್ಲೇ ಇಟ್ಟುಕೊಂಡು ಸುಮ್ನೆ ಆಡಿಸದೆ ಇರಬಹುದು. ಐಆರ್‌ಗೆ ಹಾಕಿದ್ದು ತಂಡದ ಆಯ್ಕೆ.

ಮೊದಲು ಇದು ಇನ್ನೂ ಕಠಿಣವಾಗಿತ್ತು. 2012ಕ್ಕೆ ಮುಂಚೆ ಬಹಳ ವರ್ಷ, ಐಆರ್‌ಗೆ ಹೋದವನ ಸೀಸನ್ ಅಲ್ಲಿಗೇ ಮುಗಿಯುತ್ತಿತ್ತು. ಆ ವರ್ಷ ತಂಡಕ್ಕೆ ಒಬ್ಬನಂತೆ ವಾಪಸ್ ಬರುವ ಅವಕಾಶ ಕೊಟ್ಟರು, 2017ರಲ್ಲಿ ಇಬ್ಬರಿಗೆ. 2020ರಲ್ಲಿ ಕೋವಿಡ್ ಬಂತು ನೋಡಿ, ಎಷ್ಟು ಜನ ಬೇಕಾದರೂ ಬರಬಹುದು, ಮೂರು ವಾರ ಕಾದರೆ ಸಾಕು ಅಂದರು. 2022ರಿಂದ ನಾಲ್ಕು ಪಂದ್ಯ, ಲೀಗ್ ಹಂತದಲ್ಲಿ ಒಟ್ಟು ಎಂಟು ವಾಪಸಾತಿ. ನನಗೆ ಇದು ಸರಿಯಾಗಿಯೇ ಇದೆ ಅನ್ನಿಸುತ್ತದೆ.

ನನಗೆ ಸಿಟ್ಟು ಬರುವುದು ಸಂಬಳದ ವಿಷಯದಲ್ಲಿ. ಸಾಮಾನ್ಯವಾಗಿ ಐಆರ್‌ನಲ್ಲಿ ಸಂಬಳ ಬರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಆರನ್ ರಾಜರ್ಸ್ ನ್ಯೂಯಾರ್ಕ್ ಜೆಟ್ಸ್ ಪರ ಮೊದಲ ಪಂದ್ಯಕ್ಕೆ ಇಳಿದು ನಾಲ್ಕೇ ನಾಲ್ಕು ಸ್ನ್ಯಾಪ್, ಅಂದರೆ ನಾಲ್ಕು ಸಲ ಚೆಂಡು ಆಟಕ್ಕೆ ಬರುವಷ್ಟರಲ್ಲಿ ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡರು, ಐಆರ್‌ಗೆ ಹೋದರು. ನವೆಂಬರ್ ಕೊನೆಗೆ ಅಭ್ಯಾಸಕ್ಕೆ ಬಂದರು. ಅಲ್ಲಿಂದ 21 ದಿನದೊಳಗೆ 53ಕ್ಕೆ ಸೇರಿಸಿಕೊಳ್ಳದಿದ್ದರೆ ಆ ವರ್ಷ ಮತ್ತೆ ಅವಕಾಶ ಇಲ್ಲ. ಸೇರಿಸಿಕೊಂಡರು, ಆದರೆ ಅವರು ಆಡಲೇ ಇಲ್ಲ! ಸಂಬಳ ಮಾತ್ರ ಬಂತು.

ಈಗ ಜಾವಾನ್ ಜೇಮ್ಸ್ ಕಥೆ ನೋಡಿ. ಡೆನ್ವರ್ ಬ್ರಾಂಕೋಸ್ ಆಟಗಾರ. 2021ರಲ್ಲಿ ಹರಿದದ್ದು ಅದೇ ಅಕಿಲಿಸ್. ಆದರೆ ತಂಡದ ಮೈದಾನದಲ್ಲಲ್ಲ, ಹೊರಗೆ ಸ್ವಂತವಾಗಿ ಕಸರತ್ತು ಮಾಡುವಾಗ. ತಂಡದ ಐಚ್ಛಿಕ ಅಭ್ಯಾಸಕ್ಕೆ ಹೋಗಬೇಡಿ ಅಂತ ಆಟಗಾರರ ಸಂಘವೇ ಆಗ ಹೇಳುತ್ತಿತ್ತು. ತಂಡ ಅವರನ್ನು ಎನ್‌ಎಫ್‌ಐ ಪಟ್ಟಿಗೆ ಹಾಕಿತು, ಅಂದರೆ ‘ಆಟಕ್ಕೆ ಸಂಬಂಧಿಸದ ಗಾಯ ಅಥವಾ ಕಾಯಿಲೆ’. ಈ ಪಟ್ಟಿಯಲ್ಲಿರುವವರಿಗೆ ಸಂಬಳ ಕೊಡಲೇಬೇಕೆಂದಿಲ್ಲ. ಸುಮಾರು 1 ಕೋಟಿ ಡಾಲರ್ ಕೈತಪ್ಪಿತು, ಮುಂದೆ ತಂಡವೂ ಬಿಟ್ಟುಬಿಟ್ಟಿತು. ದೂರು ಕೊಟ್ಟರು, ಕೊನೆಗೆ ರಾಜಿಯಾಯಿತು. ಆಟಕ್ಕಾಗಿಯೇ ಮೈ ಹುರಿಗೊಳಿಸುವವನ ಗಾಯ ಆಟದ್ದಲ್ಲ ಅಂದರೆ ಏನು ಹೇಳೋಣ?

ಕಾಯಿಲೆಗೂ ಇದೇ ಪಟ್ಟಿ. 2014ರಲ್ಲಿ ಲಿಂಫೋಮಾ ಕ್ಯಾನ್ಸರ್ ಬಂದ ಕಾನ್ಸಸ್ ಸಿಟಿಯ ಎರಿಕ್ ಬೆರ್ರಿ ಇದ್ದದ್ದೂ ಇಲ್ಲೇ. ಮರುವರ್ಷ ವಾಪಸ್ ಬಂದು ಭರ್ಜರಿಯಾಗಿ ಆಡಿದರು, ಅದು ಬೇರೆ ಮಾತು.

ಐಆರ್‌ನಲ್ಲೂ ಕೆಲವರ ಒಪ್ಪಂದದಲ್ಲಿ ಒಂದು ಕೊಕ್ಕೆ ಇರುತ್ತದೆ, ಆ ಪಟ್ಟಿಗೆ ಹೋದರೆ ಸಂಬಳ ಕಡಿಮೆ. 2023ರ ಜನವರಿಯಲ್ಲಿ ಮೈದಾನದಲ್ಲೇ ಹೃದಯ ನಿಂತು ಬಿದ್ದ ಡಮಾರ್ ಹ್ಯಾಮ್ಲಿನ್ ಒಪ್ಪಂದದಲ್ಲೂ ಇತ್ತು. ಆದರೂ ಬಫಲೋ ಬಿಲ್ಸ್ ಪೂರ್ತಿ ಸಂಬಳ ಕೊಡಲು ಒಪ್ಪಿತು. ಇಡೀ ದೇಶ ಟಿವಿಯಲ್ಲಿ ನೋಡಿತ್ತು, ಅಲ್ವಾ?

ಪಿಯುಪಿ, ಅಂದರೆ ‘ದೈಹಿಕವಾಗಿ ಆಡಲಾಗದವರು’ ಅನ್ನುವ ಪಟ್ಟಿ, ಸುಲಭ. ಹಳೇ ಗಾಯ ಇನ್ನೂ ಮಾಗದೆ, ಸೀಸನ್‌ಗೆ ಮುಂಚಿನ ಶಿಬಿರದಲ್ಲಿ ಅಭ್ಯಾಸ ಶುರು ಮಾಡಲಾಗದವರಿಗೆ ಅದು. ಒಂದು ದಿನ ಅಭ್ಯಾಸ ಮಾಡಿದರೂ ಆ ಬಾಗಿಲು ಮುಚ್ಚುತ್ತದೆ. ಸೀಸನ್ ಶುರುವಾದಾಗಲೂ ಅಲ್ಲೇ ಇದ್ದರೆ, ಅವರಿಗೂ ಮೊದಲ ನಾಲ್ಕು ಪಂದ್ಯ ಇಲ್ಲ.