ಟ್ಯಾಂಡೆಮ್ ಜಿಗಿತಕ್ಕೆ (ತರಬೇತುದಾರರಿಗೆ ಕಟ್ಟಿಕೊಂಡು ವಿಮಾನದಿಂದ ಪ್ಯಾರಾಚೂಟಿನಲ್ಲಿ ಜಿಗಿಯುವುದು) ಆನ್‌ಲೈನ್ ಪುಟದಲ್ಲಿ ಕೂಡಿಸುತ್ತಿರುವ ದೇಣಿಗೆ 60 ಪೌಂಡಿಗೇ ಏಕೆ ನಿಂತಿದೆಯೆಂದು ಕೇಳಿದವರಿಗೆ
ಬಹುಶಃ ಕಾರಣ ಇದು: ಇಂಗ್ಲೆಂಡಿನಲ್ಲಿ ಸಾವಿನಂಚಿನ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪೈಸ್‌ಗಾಗಿ ನೀವು ಜಿಗಿಯುತ್ತಿದ್ದರೂ, ಹಣ ನಿಮ್ಮ ಸ್ಕೈಡೈವ್ ಖರ್ಚಿಗೇ ಹೋಗುತ್ತದೆಂದು ಜನ ಅಂದುಕೊಂಡಿದ್ದಾರೆ. ನನಗೂ ಹೀಗೇ ಆಗಿತ್ತು. ಸಾಧ್ಯವಾದರೆ ಶುಲ್ಕವನ್ನು ನೀವೇ ಕಟ್ಟಿ, ಪುಟದ ಮೊದಲ ಸಾಲಿನಲ್ಲೇ ಹಾಗೆಂದು ಬರೆಯಿರಿ. ಆಗದಿದ್ದರೆ ದೇಣಿಗೆಯಲ್ಲಿ ಜಿಗಿತದ ಖರ್ಚಿಗೆ ಹೋಗುವ ಪಾಲನ್ನು ಮುಚ್ಚುಮರೆಯಿಲ್ಲದೆ ತಿಳಿಸಿ. ಆಗ ನಿಮ್ಮ ಮನೆಯವರ ದೇಣಿಗೆಗೆ ಗಿಫ್ಟ್ ಏಡ್ (ದೇಣಿಗೆಯ ಮೇಲೆ ಅಲ್ಲಿನ ಸರ್ಕಾರ ಸಂಸ್ಥೆಗೆ ಸೇರಿಸಿಕೊಡುವ ತೆರಿಗೆ ಹಣ) ಸಿಗದಿರಬಹುದು, ಸಂಸ್ಥೆಯನ್ನೇ ಕೇಳಿ.

ಆಮೇಲೆ ವಾಟ್ಸ್ಆ್ಯಪ್ ಗುಂಪಿಗೆ ಕೊಂಡಿ ಎಸೆಯುವುದನ್ನು ಬಿಟ್ಟು ಒಬ್ಬೊಬ್ಬರಿಗೇ ಹೆಸರು ಹಿಡಿದು ಬರೆಯಿರಿ. ಮೊದಲು ಆಪ್ತರಿಗೆ. ಪುಟದಲ್ಲಿ ಅವರು ಕೊಟ್ಟ 20 ಪೌಂಡ್ ಕಂಡರೆ ಉಳಿದವರು 5ಕ್ಕೆ ಇಳಿಯಲು ಸಂಕೋಚಪಡುತ್ತಾರೆ. ಅಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಗುರುತು ಹಾಕಿದರೆ 10 ಪೌಂಡ್ 12.50 ಆಗುತ್ತದೆ, ಅಲ್ಲಿ ತೆರಿಗೆ ಕಟ್ಟದೆ ಊರಿನಿಂದ ಕೊಡುವ ನೆಂಟರು ಹಾಕಬಾರದು. ಮೋಡ ಕವಿದರೆ ಜಿಗಿತ ಮುಂದೂಡುತ್ತಾರೆ, ಪುಟದ ಕೊನೆಯ ದಿನಾಂಕವನ್ನು ಒಂದೆರಡು ತಿಂಗಳು ಆಚೆಗಿಡಿ.