ಓದುಗರ ಪ್ರಶ್ನೆ: ಯಾರೂ ಕಳಿಸದ ಪ್ಯಾಕೆಟ್ ಎಲ್ಲಿಂದ?

ಪ್ರಶ್ನೆ: ಶಾಲೆಯ ಲ್ಯಾಬಿನಲ್ಲಿ ಉಬುಂಟು ಕಾರ್ಯಾಚರಣಾ ವ್ಯವಸ್ಥೆ ಇರುವ ಎರಡು ಕಂಪ್ಯೂಟರ್‌ಗಳನ್ನು ಸ್ವಿಚ್ ಇಲ್ಲದೆ ಒಂದೇ ಕೇಬಲಿನಿಂದ ಜೋಡಿಸಿ, ಟರ್ಮಿನಲ್‌ನಲ್ಲಿ 10.10.10.1 ಮತ್ತು 10.10.10.2 ವಿಳಾಸ ಕೊಟ್ಟಿದ್ದೇವೆ. ಕೇಬಲಿನಲ್ಲಿ ಹರಿಯುವುದನ್ನು ತೋರಿಸುವ ವೈರ್‌ಶಾರ್ಕ್‌ನಲ್ಲಿ ಮಕ್ಕಳಿಗೆ ಪಿಂಗ್ (ಆಚೆ ಯಂತ್ರ ಉತ್ತರಿಸುತ್ತದೆಯೇ ಎಂಬ ಪರೀಕ್ಷೆ) ತೋರಿಸಹೊರಟರೆ ಬೇರೇನೇನೋ ಪ್ಯಾಕೆಟ್‌ಗಳು (ಮಾಹಿತಿಯ ತುಣುಕುಗಳು) ಬರುತ್ತಲೇ ಇವೆ. ಇಂಟರ್ನೆಟ್ ಸಂಪರ್ಕವೂ ಇಲ್ಲ. ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದರೂ ನಿಲ್ಲಲಿಲ್ಲ. ವೈರಸ್ ಇರಬಹುದೇ?
– ಶಿಕ್ಷಕಿ, ಬದಿಯಡ್ಕ

ಉತ್ತರ: ವೈರಸ್‌ಗಿಂತ ಮೊದಲು ಉಬುಂಟುವನ್ನೇ ಅನುಮಾನಿಸಿ. ಕೇಬಲ್ ಸಿಕ್ಕಿಸಿದ ಕೂಡಲೇ ಅದರೊಳಗಿನ ನಾಲ್ಕಾರು ಸೇವೆಗಳು ಆಚೆ ಬದಿ ಯಾರಿದ್ದಾರೆಂದು ಕೂಗಿ ಕೇಳತೊಡಗುತ್ತವೆ. ಫೈರ್‌ವಾಲ್ ಇಲ್ಲಿ ಕೆಲಸಕ್ಕೆ ಬಾರದು. ಯುಎಫ್‌ಡಬ್ಲ್ಯು ಹೊರಹೋಗುವುದನ್ನು ತಾನಾಗಿ ತಡೆಯುವುದಿಲ್ಲ. ಒಳಬರುವ ಪ್ಯಾಕೆಟ್ ಫೈರ್‌ವಾಲ್ ಮುಟ್ಟುವ ಮೊದಲೇ ವೈರ್‌ಶಾರ್ಕ್ ಕಣ್ಣಿಗೆ ಬಿದ್ದಿರುತ್ತದೆ. ಕಳಿಸುವವನನ್ನೇ ಹಿಡಿಯಬೇಕು.

ಪ್ಯಾಕೆಟ್‌ನ ಮೂಲ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ನೋಡಿದರೆ ಯಾವ ಯಂತ್ರದ್ದೆಂದು ತಿಳಿಯುತ್ತದೆ. ಆಮೇಲೆ ಪೋರ್ಟ್ (ಯಾವ ಸೇವೆಗೆಂದು ಹೇಳುವ ಸಂಖ್ಯೆ) ನೋಡಿ. 224.0.0.251ಕ್ಕೆ, ಪೋರ್ಟ್ 5353ಕ್ಕೆ ಹೋಗುತ್ತಿದ್ದರೆ ಅದು ಹೆಚ್ಚಾಗಿ ಪ್ರಿಂಟರ್ ಹುಡುಕುವ ಅವಾಹಿ. 224.0.0.252, ಪೋರ್ಟ್ 5355 ಆದರೆ ಹೆಸರಿಗೆ ವಿಳಾಸ ಹುಡುಕುವ ಸಿಸ್ಟಂಡಿ-ರಿಸಾಲ್ವ್ಡ್. 'ರೂಟರ್ ಸಾಲಿಸಿಟೇಶನ್' ಎಂದಿದ್ದರೆ ಐಪಿವಿ6 (ವಿಳಾಸ ವ್ಯವಸ್ಥೆಯ ಹೊಸ ಆವೃತ್ತಿ) ರೂಟರನ್ನು ಹುಡುಕುತ್ತಿದೆ.

0.0.0.0ಯಿಂದ 255.255.255.255ಕ್ಕೆ, ಪೋರ್ಟ್ 67ಕ್ಕೆ ಹೋಗುವುದು ತಾನಾಗಿ ವಿಳಾಸ ಕೇಳಿ ಪಡೆಯುವ ಡಿಎಚ್‌ಸಿಪಿ. ಇದು ಕಂಡರೆ ಜಾಗ್ರತೆ: ನೀವು ಟರ್ಮಿನಲ್‌ನಲ್ಲಿ ವಿಳಾಸ ಕೊಟ್ಟರೂ ಉಬುಂಟುವಿನ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಇನ್ನೂ 'ಆಟೋಮ್ಯಾಟಿಕ್'ನಲ್ಲೇ ಇದೆ. ಅದು 45 ಸೆಕೆಂಡ್ ಕಾದು, ಉತ್ತರ ಸಿಗದೆ ಸಂಪರ್ಕ ಕಡಿದು ಮತ್ತೆ ಶುರುಮಾಡುತ್ತದೆ. ಕೊಟ್ಟ ವಿಳಾಸ ಆಗಾಗ ಮಾಯವಾಗುತ್ತಿದ್ದರೆ ಕಾರಣ ಇದೇ.

ಆದ್ದರಿಂದ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ವೈರ್ಡ್ ಎದುರಿನ ಹಲ್ಲುಚಕ್ರ ಒತ್ತಿ, ಐಪಿವಿ4ನ್ನು 'ಮ್ಯಾನುವಲ್' ಮಾಡಿ. ವಿಳಾಸ ಬರೆದು ನೆಟ್‌ಮಾಸ್ಕ್ 255.255.255.252 ಕೊಡಿ, ಗೇಟ್‌ವೇ, ಡಿಎನ್‌ಎಸ್ ಖಾಲಿ ಬಿಡಿ. ಐಪಿವಿ6ನ್ನು 'ಡಿಸೇಬಲ್' ಮಾಡಿ. ಸಂಪರ್ಕ ಆಫ್ ಮಾಡಿ ಆನ್ ಮಾಡದಿದ್ದರೆ ಬದಲಾವಣೆ ಜಾರಿಗೆ ಬರುವುದಿಲ್ಲ. ಎರಡೂ ಯಂತ್ರಗಳಲ್ಲಿ ಮಾಡಬೇಕು. ಒಂದರಲ್ಲಿ ಬಿಟ್ಟರೆ ಅದರ ಗಲಾಟೆ ಎರಡರಲ್ಲೂ ಕಾಣುತ್ತದೆ.

ಅವಾಹಿಯ ಸರ್ವೀಸ್ ಮಾತ್ರ ನಿಲ್ಲಿಸಿದರೆ ಸಾಲದು. ಅದರ ಸಾಕೆಟ್ ಯಾರಾದರೂ ಕರೆದೊಡನೆ ಮತ್ತೆ ಎಬ್ಬಿಸುತ್ತದೆ, ಎರಡನ್ನೂ ನಿಲ್ಲಿಸಿ. ಲ್ಯಾಬಿನ ನೆಟ್‌ವರ್ಕ್ ಪ್ರಿಂಟರ್ ಆಗ ಪಟ್ಟಿಯಿಂದ ಕಾಣೆಯಾದೀತು, ಪಾಠ ಮುಗಿದ ಮೇಲೆ ಚಾಲೂ ಮಾಡಿ.

ಎಆರ್‌ಪಿಯನ್ನು ಮಾತ್ರ ಮುಟ್ಟಬೇಡಿ. '10.10.10.2 ಯಾರ ಬಳಿ ಇದೆ' ಎಂಬ ಆ ಪ್ರಶ್ನೆಗೆ ಉತ್ತರ ಸಿಗದೆ ಮೊದಲ ಪಿಂಗ್ ಹೊರಡುವುದೇ ಇಲ್ಲ. ಮಕ್ಕಳಿಗೆ ತೋರಿಸಬೇಕಾದದ್ದೇ ಅದು. ನಾಳೆಯೇ ಪಾಠ ಇದ್ದರೆ ಇಷ್ಟೆಲ್ಲ ಬೇಡ: ವೈರ್‌ಶಾರ್ಕ್‌ನ ಫಿಲ್ಟರ್ ಜಾಗದಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಐಸಿಎಂಪಿ (icmp) ಎಂದು ಬರೆಯಿರಿ, ಪಿಂಗ್ ಮಾತ್ರ ಉಳಿಯುತ್ತದೆ. ವೈರ್‌ಶಾರ್ಕ್ ಬದಲು ಟರ್ಮಿನಲ್‌ನ ಟಿಸಿಪಿಡಂಪ್ ಬಳಸುವುದಾದರೆ 'ಎನ್' (-n) ಆಯ್ಕೆ ಮರೆಯಬೇಡಿ. ಇಲ್ಲವಾದರೆ ವಿಳಾಸಗಳ ಹೆಸರು ಹುಡುಕಲು ಹೋಗಿ ಅದೇ ಹೊಸ ಪ್ಯಾಕೆಟ್ ಹುಟ್ಟಿಸೀತು.

ಪ್ರಶ್ನೆ: ಹೀಗೆ ಎರಡು ಕಂಪ್ಯೂಟರ್‌ಗಳನ್ನು ನೇರ ಜೋಡಿಸಲು ಕ್ರಾಸ್ ಕೇಬಲ್ಲೇ (ಒಳತಂತಿಗಳನ್ನು ಅದಲುಬದಲು ಮಾಡಿದ್ದು) ಬೇಕೇ?
– ಓದುಗರು, ಉಪ್ಪಳ

ಉತ್ತರ: ಗಿಗಾಬಿಟ್ ಕಾರ್ಡ್ ಇದ್ದರೆ ಬೇಡ, ಅದೇ ಸರಿಹೊಂದಿಸಿಕೊಳ್ಳುತ್ತದೆ. ವೇಗ 1000 ಮೆಗಾಬಿಟ್ ಬದಲು 100 ಎಂದು ಕಂಡರೆ ಕನೆಕ್ಟರ್‌ನ 4, 5, 7, 8ನೇ ತಂತಿಗಳ ಕ್ರಿಂಪಿಂಗ್ (ಒತ್ತಿ ಕೂರಿಸಿದ ಜೋಡಣೆ) ಪರೀಕ್ಷಿಸಿ. 100ಕ್ಕೆ ಅವು ಬೇಡ, 1000ಕ್ಕೆ ಎಂಟೂ ಬೇಕು.